ಮೆಟ್ಟಿಲು ಹತ್ತಿದವರ ಹೃದಯ

ಲಂಡನ್ ನಗರದ ಎರಡಂತಸ್ತಿನ ಕೆಂಪು ಬಸ್ಸೊಂದನ್ನು ಕಣ್ಣಮುಂದೆ ತಂದುಕೊಳ್ಳಿರಿ. ಅದರ ಚಾಲಕನು ದಿನವಿಡೀ ಕುಳಿತಲ್ಲಿಯೇ ಕುಳಿತಿರುತ್ತಿದ್ದನು. ಕಂಡಕ್ಟರನಾದರೋ, ಹೆಗಲಿಗೆ ಹಣದ ಚೀಲವನ್ನು ತೂಗಹಾಕಿಕೊಂಡು, ಓಲಾಡುವ ಬಸ್ಸಿನಲ್ಲಿ ಕಂಬಿಯನ್ನು ಬಿಗಿಹಿಡಿದು, ಆ ಇಕ್ಕಟ್ಟಾದ ತಿರುವುಮೆಟ್ಟಿಲುಗಳನ್ನು ದಿನವೊಂದಕ್ಕೆ ಸುಮಾರು 600ರಷ್ಟು ಏರುತ್ತಿದ್ದನು. ಜೆರೆಮಿ ಮಾರಿಸ್ ಎಂಬ ವೈದ್ಯರೂ ಅವರ ಸಂಗಡಿಗರೂ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು, ಚಾಲಕರಿಗಿಂತ ಕಂಡಕ್ಟರುಗಳಲ್ಲಿ ಹೃದ್ರೋಗವು ವಿರಳವೆಂಬುದನ್ನೂ, ಬಂದರೂ ಅಷ್ಟು ಮಾರಕವಲ್ಲವೆಂಬುದನ್ನೂ ತೋರಿಸಿಕೊಟ್ಟಿತು.

ಚಾಲಕರ ಸಮವಸ್ತ್ರದ ಸೊಂಟದಳತೆಯೇ ಕಂಡಕ್ಟರುಗಳದಕ್ಕಿಂತ ದೊಡ್ಡದಾಗಿತ್ತೆಂಬ ಸಂಗತಿಯನ್ನು, ಶ್ರಮವೇ ಹೃದಯವನ್ನು ಕಾಯುತ್ತದೆಂಬ ತಮ್ಮ ವಾದಕ್ಕೆ ‘ಬೊಜ್ಜೇ ಕಾರಣವಿರಬಹುದು’ ಎಂಬ ತೊಡಕು ಬಂದೀತೆಂದು ಅಂಜದೆ, ಮಾರಿಸರೇ ಮುಂದೆ ಬೆಳಕಿಗೆ ತಂದರು. ಈ ಪ್ರಾಮಾಣಿಕತೆಗಾಗಿ ಅವರಲ್ಲಿ ನನಗೆ ವಿಶೇಷ ಗೌರವ. ಆದರೆ ಮನೆಮನೆಗೆ ನಡೆದು ಕಾಗದ ಹಂಚುವ ಅಂಚೆಯವರನ್ನೂ, ಮೇಜಿನ ಮುಂದೆ ಕುಳಿತ ಗುಮಾಸ್ತರನ್ನೂ ಹೋಲಿಸಿದಾಗಲೂ ಅದೇ ಅಂತರವು ಕಂಡುಬಂದಿತ್ತು.

ಚಲನೆಯ ಲಾಭವು ಹೃದಯಕ್ಕಷ್ಟೇ ಅಲ್ಲ: ಚಲಿಸುವ ಸ್ನಾಯುವು ರಕ್ತದಲ್ಲಿನ ಸಕ್ಕರೆಯನ್ನು ತಾನಾಗಿ ಹೀರಿಕೊಳ್ಳುತ್ತದೆ. ರಾತ್ರಿಯ ಮುದ್ದೆ ಸಾರಿನ ಊಟವಾದೊಡನೆ ಹಾಸಿಗೆಗೆ ಒರಗದೆ, ಬೀದಿಯ ಕೊನೆಯವರೆಗೆ ಹತ್ತು ನಿಮಿಷ ನಡೆದುಬರುವವರಿಗೆ ದೊರೆಯುವ ಲಾಭದ ಮೂಲವಿದೇ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ಸೂಚಿಸುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ. ಬಿರುಸಾದ ನಡಿಗೆಯಾದರೂ ಸಾಕು. ಮಂಡಿನೋವುಳ್ಳವರು, ಹೃದ್ರೋಗಿಗಳು ವೈದ್ಯರನ್ನು ಕೇಳಿಯೇ ಆರಂಭಿಸಲಿ. ಉಳಿದವರು ನಾಳೆ ಕಚೇರಿಯಲ್ಲಿ ಲಿಫ್ಟಿನ ಗುಂಡಿಯತ್ತ ಬೆರಳು ಚಾಚುವ ಮುನ್ನ, ಪಕ್ಕದಲ್ಲಿಯೇ ಇರುವ ಮೆಟ್ಟಿಲಸಾಲನ್ನೊಮ್ಮೆ ನೋಡಿರಿ.

ಮಾರಿಸರು ವೃದ್ಧಾಪ್ಯದಲ್ಲಿಯೂ ವ್ಯಾಯಾಮವನ್ನು ಬಿಡಲಿಲ್ಲ. 2009ರಲ್ಲಿ ಅವರು ತೀರಿಕೊಂಡಾಗ ಅವರಿಗೆ 99 ವರ್ಷ.