ಮರಳಿ ಬರುವ ಕಲೆ

ಮೋಟಾರು ಗಾಡಿಯ ಬಟ್ಟೆಯ ಆಸನದ ಮೇಲೆ ಹಾಲು ಚೆಲ್ಲಿತೆನ್ನೋಣ. ನಾವು ಒಡನೆಯೇ ನೀರು ಸುರಿದು ಉಜ್ಜುವೆವು; ಕಲೆ ಮಾಯವಾಗುವುದು. ಮಾರನೆಯ ದಿನ ನೋಡಿದರೆ, ಮೊದಲಿಗಿಂತ ಅಗಲವಾಗಿ ಅಲ್ಲಿಯೇ ಪ್ರತ್ಯಕ್ಷ! ಇದಕ್ಕೆ ಕಾರಣವೇನು?

ಆಸನವೆಂದರೆ ಬರಿಯ ಬಟ್ಟೆಯಲ್ಲ. ಮೇಲೆ ಸಾಮಾನ್ಯವಾಗಿ ಪಾಲಿಯೆಸ್ಟರ್ ನೇಯ್ಗೆ. ಅದರಡಿಯಲ್ಲಿ ಪಾಲಿಯುರೆಥೇನ್ ಎಂಬ ವಸ್ತುವಿನ ರಂಧ್ರಮಯವಾದ ಮೆತ್ತೆ. ಸುರಿದ ನೀರು ಕೊಳೆಯನ್ನು ಒಯ್ದುಕೊಂಡು ಮೆತ್ತೆಯೊಳಕ್ಕೆ ಇಳಿಯುವುದು. ಮೇಲ್ಭಾಗ ಒಣಗತೊಡಗಿದಂತೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ, ಎಳೆಗಳ ನಡುವಣ ಸೂಕ್ಷ್ಮ ಸಂದುಗಳಲ್ಲಿ ಆ ನೀರು ಮರಳಿ ಮೇಲೇರುವುದು. ಇದೇ ಲೋಮನಾಳ ಕ್ರಿಯೆ. ನೀರು ಆವಿಯಾಗಿ ಹೋಗುವುದು. ಕೊಳೆ ಅಲ್ಲಿಯೇ ನಿಲ್ಲುವುದು.

ಪಾಲಿಯೆಸ್ಟರ್ ನೂಲಿನ ಸ್ವಭಾವವೂ ವಿಚಿತ್ರವಾದುದು. 1941ರಲ್ಲಿ ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನ ವಿಜ್ಞಾನಿಗಳು ಇದನ್ನು ರೂಪಿಸಿದರು. ಸಾಧಾರಣ ಹವೆಯಲ್ಲಿ ಹತ್ತಿಯು ತನ್ನ ತೂಕದ ಸುಮಾರು ಶೇಕಡ 8ರಷ್ಟು ತೇವವನ್ನು ಹಿಡಿದಿಟ್ಟುಕೊಂಡರೆ, ಇದು ಹಿಡಿಯುವುದು ಶೇಕಡ ಅರ್ಧಕ್ಕಿಂತಲೂ ಕಡಮೆ. ನೀರನ್ನೊಲ್ಲದ ಈ ಎಳೆಗೆ ಜಿಡ್ಡಿನ ಮೇಲೆ ಮಾತ್ರ ಬಹಳ ಒಲವು. ತಲೆಯ ಎಣ್ಣೆ ತಾಗುವೆಡೆ ಆಸನವು ಕಪ್ಪಾಗುವುದಕ್ಕೆ ಇದೂ ಒಂದು ಕಾರಣ. ಬರಿಯ ನೀರಿಂದ ಅಲ್ಲಿ ಏನೂ ಆಗದು. ಮಾರ್ಜಕದ ಅಣುವಾದರೋ ಒಂದು ತುದಿಯಿಂದ ಜಿಡ್ಡನ್ನೂ ಮತ್ತೊಂದರಿಂದ ನೀರನ್ನೂ ಹಿಡಿಯಬಲ್ಲುದು. ಹೀಗಾಗಿ ಜಿಡ್ಡು ಹನಿಹನಿಯಾಗಿ ಎಳೆಯಿಂದ ಕಳಚಿಕೊಳ್ಳುವುದು.

ಆದುದರಿಂದ ಧೂಳನ್ನು ಒಣಗಿದ್ದಾಗಲೇ ತೆಗೆಯಬೇಕು. ನೆನೆದರೆ ಅದು ಕೆಸರು. ಚೆಲ್ಲಿದುದನ್ನು ಉಜ್ಜದೆ ಒಣಬಟ್ಟೆಯಿಂದ ಒತ್ತಿ ಹೀರಿಸಬೇಕು. ಬಳಿಕ ಮಾರ್ಜಕದ ನೊರೆಯನ್ನಷ್ಟೇ ಹಚ್ಚಿ, ಅಂಚಿನಿಂದ ನಡುವಿನ ಕಡೆಗೆ ಒರೆಸಿ, ಹಿಂಡಿದ ಒದ್ದೆಬಟ್ಟೆಯಿಂದ ಆ ಮಾರ್ಜಕವನ್ನೂ ತೆಗೆಯಬೇಕು. ಅದು ಉಳಿದರೆ ಅಂಟಾಗಿ ಹೊಸ ಧೂಳನ್ನು ಬರಮಾಡಿಕೊಳ್ಳುವುದು. ಬಾಗಿಲುಗಳನ್ನು ತೆರೆದಿಟ್ಟು ಪೂರ್ತಿ ಒಣಗಿಸದಿದ್ದರೆ ಬೂಷ್ಟು ಹಿಡಿಯುವುದು. ಮಲೆನಾಡಿನ ಮಳೆಗಾಲದಲ್ಲಂತೂ ಹೇಳಬೇಕಾದುದೇ ಇಲ್ಲ.

ಕಲೆಯ ಜಾತಿಯನ್ನೂ ಅರಿಯಬೇಕು. ಮೊಟ್ಟೆ, ರಕ್ತಗಳಲ್ಲಿನ ಪ್ರೋಟೀನು ಬಿಸಿನೀರು ತಾಗಿದೊಡನೆ ಹೆಪ್ಪುಗಟ್ಟುವುದು. ಅವಕ್ಕೆ ತಣ್ಣೀರೇ ತಕ್ಕುದು. ಹಾಲಿನ ಕಲೆಗೆ ನಿಂಬೆರಸ ಹಿಂಡಿದರೆ ಏನಾಗುವುದೆಂಬುದನ್ನು ಅಡುಗೆಮನೆಯನ್ನು ಬಲ್ಲ ಓದುಗರು ಊಹಿಸಬಲ್ಲರು.

ಜಿಡ್ಡಿಗೆ ಪೆಟ್ರೋಲನ್ನು ಬಳಸುವವರೂ ಉಂಟು. ಪೆಟ್ರೋಲು ಜಿಡ್ಡನ್ನು ಕರಗಿಸುವುದೇನೋ ನಿಜ. ಆದರೆ ಅದರ ಆವಿ ಗಾಳಿಗಿಂತ ಭಾರವಾದುದು. ಬಾಗಿಲು ತೆರೆದಿದ್ದರೂ ಆಸನದ ಅಡಿಯಲ್ಲಿ ತಂಗಬಲ್ಲುದು. ಇಂದಿನ ಗಾಡಿಗಳಲ್ಲಿ ವಿದ್ಯುತ್ ತಂತಿಗಳು ಹಾದುಹೋಗುವುದೂ ಅನೇಕ ವೇಳೆ ಅಲ್ಲಿಯೇ. ಒಂದು ಕಿಡಿ ಸಾಕು. ಮೆತ್ತೆಯು ಹೊತ್ತಿಕೊಂಡರೆ ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಮಾತ್ರವಲ್ಲದೆ ಹೈಡ್ರೊಜನ್ ಸಯನೈಡ್ ಎಂಬ ಘೋರವಿಷವೂ ಇರುವುದು.