ಸಾಂಸ್ಕೃತಿಕ ಪುನರುಜ್ಜೀವನದಲ್ಲಿ ಯುವಜನರ ಪಾತ್ರ: ಶಿವಮೊಗ್ಗ ಮತ್ತು ಭದ್ರಾವತಿ

ಪೀಠಿಕೆ

ನಾಡಿನ ಸಂಸ್ಕೃತಿಯು ಸ್ಥಿರಾಸ್ತಿಯಂತೆ ತಾನಾಗಿಯೇ ವಾರಸುದಾರರಿಗೆ ವರ್ಗಾವಣೆಯಾಗುವಂತಹುದಲ್ಲ. ಜಮೀನಿಗಾದರೆ ಪೌತಿ ಖಾತೆಯಾದರೆ ಸಾಕು. ಕಾವ್ಯ, ಸಂಗೀತ, ರಂಗಭೂಮಿ, ಆಧ್ಯಾತ್ಮಿಕ ಚಿಂತನೆ ಹಾಗೂ ಪರಸ್ಪರ ಸೌಹಾರ್ದವನ್ನು ಪ್ರತಿಯೊಂದು ತಲೆಮಾರೂ ಸ್ವಂತ ಪರಿಶ್ರಮದಿಂದಲೇ ಪಡೆಯಬೇಕಾಗುತ್ತದೆ. ಆದುದರಿಂದಲೇ ರಾಷ್ಟ್ರದ ಪುನರುಜ್ಜೀವನದ ವಿಚಾರ ಬಂದಾಗಲೆಲ್ಲ ಯುವಜನರ ಹೆಸರು ಮೊದಲು ಬರುತ್ತದೆ. ಸ್ವಾಮಿ ವಿವೇಕಾನಂದರ ಜನ್ಮದಿನವಾದ ಜನವರಿ 12ನ್ನು ಭಾರತದಲ್ಲಿ 1985ರಿಂದ ರಾಷ್ಟ್ರೀಯ ಯುವ ದಿನವನ್ನಾಗಿ ಆಚರಿಸಲಾಗುತ್ತಿದೆ. 2014ರ ರಾಷ್ಟ್ರೀಯ ಯುವ ನೀತಿಯು 15ರಿಂದ 29 ವರ್ಷ ವಯೋಮಾನದವರನ್ನು ಯುವಜನರೆಂದು ಪರಿಗಣಿಸಿದೆ.

ಆದರೆ ಈ ಕಾರ್ಯವು ವರ್ಷಕ್ಕೊಂದು ದಿನದ ಆಚರಣೆಯಿಂದ ಆಗುವಂತಹುದಲ್ಲ. ಶಿವಮೊಗ್ಗ ನಗರ, ಭದ್ರಾವತಿ ಮತ್ತು ಸುತ್ತಲಿನ ಪ್ರದೇಶದ ಅನುಭವವು ಇದನ್ನು ಸ್ಪಷ್ಟಪಡಿಸುತ್ತದೆ.

ಜಿಲ್ಲೆಯ ಪರಂಪರೆ

ಹನ್ನೆರಡನೆಯ ಶತಮಾನದ ಶರಣ ಚಳವಳಿಯ ಅಲ್ಲಮಪ್ರಭು ಹಾಗೂ ಅಕ್ಕಮಹಾದೇವಿಯರು ಈ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಮತ್ತು ಉಡುತಡಿಗೆ ಸೇರಿದವರು. ಎಳೆಯ ಪ್ರಾಯದಲ್ಲಿಯೇ ಮನೆಯನ್ನು ತೊರೆದು ಅನುಭಾವದ ಹಾದಿ ಹಿಡಿದ ಅಕ್ಕಮಹಾದೇವಿಯು ಕನ್ನಡ ವಚನ ಸಾಹಿತ್ಯಕ್ಕೆ ಹೊಸ ದನಿಯನ್ನು ನೀಡಿದರು. ಇಪ್ಪತ್ತನೆಯ ಶತಮಾನದಲ್ಲಿ ಇದೇ ಮಲೆನಾಡಿನ ಕುವೆಂಪು ಅವರು ಮೈಸೂರಿನ ಶ್ರೀರಾಮಕೃಷ್ಣ ಆಶ್ರಮದ ಒಡನಾಟದಲ್ಲಿ ಬೆಳೆದು, ಸ್ವತಂತ್ರವಾಗಿ ಆಲೋಚಿಸುವಂತೆ ಯುವಕರಿಗೆ ಕರೆ ನೀಡಿದರು. ಅವರ ಹೆಸರಿನ ಕುವೆಂಪು ವಿಶ್ವವಿದ್ಯಾಲಯವು 1987ರಲ್ಲಿ ಸ್ಥಾಪನೆಗೊಂಡಿದ್ದು, ಅದರ ‘ಜ್ಞಾನ ಸಹ್ಯಾದ್ರಿ’ ಆವರಣವು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿದೆ.

ವ್ಯಕ್ತಿಗಳ ಜೊತೆಗೆ ಸಂಸ್ಥೆಗಳ ಕೊಡುಗೆಯೂ ಗಮನಾರ್ಹವಾಗಿದೆ. ಶಿವಮೊಗ್ಗದ ಕರ್ನಾಟಕ ಸಂಘವು 1930ರಲ್ಲಿ ಆರಂಭವಾಗಿ ಇಂದಿಗೂ ಸಾಹಿತ್ಯ ಚಟುವಟಿಕೆಗಳನ್ನು ನಡೆಸಿಕೊಂಡು ಬಂದಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, ಹುಟ್ಟಿಕೊಂಡಾಗ ಅದರಲ್ಲಿ ತೊಡಗಿಕೊಂಡಿದ್ದ ಕೆ.ವಿ. ಸುಬ್ಬಣ್ಣ ಅವರಿಗೆ ಇನ್ನೂ 17ರ ಪ್ರಾಯ. ಊರಿನವರು ಕೂಡಿ ಕಟ್ಟಿದ ಆ ಸಂಘವು 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ, 1985ರಲ್ಲಿ ‘ತಿರುಗಾಟ’ ಎಂಬ ಸಂಚಾರಿ ನಾಟಕ ತಂಡವನ್ನೂ ಆರಂಭಿಸಿತು. ಸುಬ್ಬಣ್ಣ ಅವರಿಗೆ 1991ರಲ್ಲಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಮೊದಲ ನಾಟಕಕ್ಕೂ ಈ ಪ್ರಶಸ್ತಿಗೂ ನಡುವೆ ನಾಲ್ಕು ದಶಕಗಳ ನಿರಂತರ ದುಡಿಮೆ ಇದೆ ಎಂಬುದನ್ನು ಮರೆಯುವಂತಿಲ್ಲ.

ಕಲಿಯುವವರಿಲ್ಲದಿದ್ದರೆ

ಶಿವಮೊಗ್ಗ ನಗರಕ್ಕೆ ಸಮೀಪದಲ್ಲಿ, ತುಂಗಾ ನದಿಯ ಎರಡು ದಡಗಳಲ್ಲಿ ಮತ್ತೂರು ಮತ್ತು ಹೊಸಹಳ್ಳಿ ಗ್ರಾಮಗಳಿವೆ. ಮತ್ತೂರು ಸಂಸ್ಕೃತ ಸಂಭಾಷಣೆಗೂ, ಹೊಸಹಳ್ಳಿಯು ಗಮಕ ಕಲೆಗೂ ಹೆಸರಾಗಿವೆ. ಗಮಕವೆಂದರೆ ಕುಮಾರವ್ಯಾಸ ಭಾರತ, ಜೈಮಿನಿ ಭಾರತ ಮೊದಲಾದ ಕಾವ್ಯಗಳನ್ನು ಅರ್ಥಕ್ಕೆ ಲೋಪ ಬಾರದಂತೆ ಪದವಿಭಾಗ ಮಾಡಿ, ಸಂದರ್ಭಕ್ಕೆ ಒಪ್ಪುವ ರಾಗದಲ್ಲಿ ವಾಚಿಸುವುದು. ವಾಚನದೊಂದಿಗೆ ಮತ್ತೊಬ್ಬ ವಿದ್ವಾಂಸರು ವ್ಯಾಖ್ಯಾನ ಮಾಡುತ್ತಾರೆ. ಅಕ್ಷರ ಬಾರದವರಿಗೂ ಹಳೆಯ ಕಾವ್ಯವನ್ನು ತಲುಪಿಸಿದ ಕಲೆಯಿದು.

ಹೊಸಹಳ್ಳಿಯ ಗಮಕ ವಿದ್ವಾಂಸರಾದ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ವರ್ಷದಲ್ಲಿ ಅವರು ನಿಧನರಾದರು. ಪ್ರಶಸ್ತಿಯು ಕಲಾವಿದರನ್ನು ಗೌರವಿಸುತ್ತದೆ, ಆದರೆ ಕಲೆಯನ್ನು ಉಳಿಸುವುದು ಶಿಷ್ಯರು. ಎಲ್ಲಿ ಉಸಿರು ನಿಲ್ಲಿಸಬೇಕು, ಎಲ್ಲಿ ಪದವನ್ನು ಒಡೆಯಬೇಕು ಎಂಬುದು ಗುರುವಿನ ಮುಂದೆ ಕುಳಿತು ಕಲಿಯತಕ್ಕ ವಿದ್ಯೆ. ಧ್ವನಿಮುದ್ರಣವು ಅದಕ್ಕೆ ನೆರವಾಗಬಲ್ಲದೇ ಹೊರತು ಬದಲಿಯಾಗಲಾರದು. ಒಂದು ತಲೆಮಾರು ಕಲಿಯದೆ ಉಳಿದರೆ, ಮುಂದಿನ ತಲೆಮಾರು ಬಯಸಿದರೂ ಕಲಿಸುವವರು ಇರುವುದಿಲ್ಲ.

ಕೈಗಾರಿಕಾ ಪಟ್ಟಣದ ಸ್ಥಿತಿ

ಹಿಂದೆ ಬೆಂಕಿಪುರವೆಂದು ಹೆಸರಾಗಿದ್ದ ಭದ್ರಾವತಿಯ ಇತಿಹಾಸವು ಭಿನ್ನವಾದುದು. 1918ರಲ್ಲಿ ಮೈಸೂರು ಸಂಸ್ಥಾನವು ಆರಂಭಿಸಿದ, ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ಕಬ್ಬಿಣದ ಕಾರ್ಖಾನೆ ಹಾಗೂ 1936ರಲ್ಲಿ ಸ್ಥಾಪನೆಗೊಂಡ ಮೈಸೂರು ಕಾಗದ ಕಾರ್ಖಾನೆಯ ಸುತ್ತ ಈ ಪಟ್ಟಣ ಬೆಳೆಯಿತು. ನಾನಾ ಭಾಷೆ ಹಾಗೂ ಮತಗಳ ಕಾರ್ಮಿಕ ಕುಟುಂಬಗಳು ಇಲ್ಲಿ ನೆರೆಹೊರೆಯವರಾಗಿ ನೆಲೆಸಿದವು. 1965ರಲ್ಲಿ ಆರಂಭವಾದ ಆಕಾಶವಾಣಿ ಭದ್ರಾವತಿ ಕೇಂದ್ರವು ಮಲೆನಾಡಿನ ಕಲಾವಿದರ ದನಿಯನ್ನು ಮನೆಮನೆಗೆ ತಲುಪಿಸಿತು.

ಕಾಗದ ಕಾರ್ಖಾನೆಯು ಕಳೆದ ದಶಕದಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯೂ ಸಂಕಷ್ಟಕ್ಕೆ ಸಿಲುಕಿತು. ದುಡಿಮೆ ಅರಸಿ ಯುವಜನರು ಊರು ಬಿಟ್ಟಾಗ ಹಬ್ಬ, ನಾಟಕ, ಭಜನಾ ಮಂಡಳಿ, ವಾಚನಾಲಯಗಳನ್ನು ನಡೆಸುವ ಕೈಗಳೂ ಕಡಿಮೆಯಾಗುತ್ತವೆ. ಜೀವನೋಪಾಯದ ಪ್ರಶ್ನೆಯನ್ನು ಬದಿಗಿರಿಸಿ ಸಾಂಸ್ಕೃತಿಕ ಪುನರುಜ್ಜೀವನದ ಮಾತನಾಡುವುದು ಅಪೂರ್ಣವೆನಿಸುತ್ತದೆ. ನಿರುದ್ಯೋಗಿ ಪದವೀಧರರಿಗೆ ಮಾಸಿಕ ರೂ. 3,000 ಹಾಗೂ ಡಿಪ್ಲೊಮಾ ಪಡೆದವರಿಗೆ ರೂ. 1,500ನ್ನು ಗರಿಷ್ಠ 2 ವರ್ಷಗಳವರೆಗೆ ನೀಡುವ ‘ಯುವನಿಧಿ’ ಯೋಜನೆಗೆ ರಾಜ್ಯ ಸರ್ಕಾರವು ಶಿವಮೊಗ್ಗ ನಗರದ ಹಳೆಯ ಕಾರಾಗೃಹದ ಆವರಣದಲ್ಲಿ 2024ರ ಜನವರಿ 12ರಂದು ಚಾಲನೆ ನೀಡಿತು.

ಯುವಜನರಿಗೆ ಇರುವ ಅವಕಾಶಗಳು

1. ರಾಷ್ಟ್ರೀಯ ಸೇವಾ ಯೋಜನೆ: ಈ ಯೋಜನೆಯು 1969ರ ಸೆಪ್ಟೆಂಬರ್ 24ರಂದು ದೇಶದ 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಂದಿಗೆ ಆರಂಭವಾಯಿತು. ಸ್ವಯಂಸೇವಕರು 2 ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನು ಸಲ್ಲಿಸುವುದರೊಂದಿಗೆ 7 ದಿನಗಳ ವಿಶೇಷ ಶಿಬಿರದಲ್ಲಿ ಭಾಗವಹಿಸಬೇಕಾಗುತ್ತದೆ. ಆಸಕ್ತ ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಯೋಜನಾ ಕಾರ್ಯಕ್ರಮಾಧಿಕಾರಿಗಳಲ್ಲಿ ಹೆಸರು ನೋಂದಾಯಿಸಬಹುದು. ಶಿಬಿರ ನಡೆಯುವ ಗ್ರಾಮದ ಶಾಸನ, ಕೆರೆ, ಜನಪದ ಹಾಡು ಮತ್ತು ಆಚರಣೆಗಳನ್ನು ಹಿರಿಯರಿಂದ ಕೇಳಿ ದಾಖಲಿಸುವುದೂ ಉಪಯುಕ್ತ ಸೇವೆಯೇ ಆಗಿದೆ.

2. ಮೇರಾ ಯುವ ಭಾರತ್: ಕೇಂದ್ರ ಸರ್ಕಾರವು 2023ರ ಅಕ್ಟೋಬರ್ 31ರಂದು ಆರಂಭಿಸಿದ ಈ ವೇದಿಕೆಯಲ್ಲಿ 15ರಿಂದ 29 ವರ್ಷದವರು ನೋಂದಾಯಿಸಿಕೊಳ್ಳಬಹುದಾಗಿದೆ.

3. ಯುವಕ ಹಾಗೂ ಯುವತಿ ಮಂಡಳಿಗಳ ನೋಂದಣಿ: ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಅಡಿಯಲ್ಲಿ 18 ವರ್ಷ ಮೀರಿದ ಕನಿಷ್ಠ 7 ಮಂದಿ ಸೇರಿ ಸಂಘವನ್ನು ನೋಂದಾಯಿಸಬಹುದು. ಸಂಘದ ಹೆಸರು, ಕಚೇರಿಯ ವಿಳಾಸ, ಉದ್ದೇಶಗಳು ಹಾಗೂ ಕಾರ್ಯಕಾರಿ ಸಮಿತಿಯ ವಿವರವನ್ನೊಳಗೊಂಡ ಜ್ಞಾಪನಾ ಪತ್ರವನ್ನು ಬೈಲಾದೊಂದಿಗೆ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಸಂಘದ ಆದಾಯವನ್ನು ಸದಸ್ಯರು ಲಾಭವಾಗಿ ಹಂಚಿಕೊಳ್ಳುವಂತಿಲ್ಲ.

ಗಮನಿಸಬೇಕಾದ ಅಂಶ

ಉತ್ಸಾಹದಿಂದ ಸಂಘವನ್ನು ಆರಂಭಿಸುವುದು ಸುಲಭ. ಪ್ರತಿ ವರ್ಷ ಸರ್ವಸದಸ್ಯರ ಸಭೆ ಕರೆದು, ಲೆಕ್ಕಪತ್ರ ಒಪ್ಪಿಸಿ, ಸಮಿತಿಯ ಪಟ್ಟಿಯನ್ನು ನೋಂದಣಾಧಿಕಾರಿಗಳಿಗೆ ಸಲ್ಲಿಸುವುದು ಕಷ್ಟ. ಆದರೆ ಲೆಕ್ಕದ ಪುಸ್ತಕ ಮತ್ತು ನಡವಳಿ ಪುಸ್ತಕಗಳು ಕೇವಲ ಕಚೇರಿಯ ಅಗತ್ಯಗಳಲ್ಲ. ಸ್ಥಾಪಕ ಸದಸ್ಯರು ಉದ್ಯೋಗಕ್ಕಾಗಿ ಬೇರೆ ಊರಿಗೆ ತೆರಳಿದಾಗ ಹೊಸಬರು ಕೆಲಸವನ್ನು ಮುಂದುವರಿಸಲು ಆಧಾರವಾಗುವುದು ಅವೇ. ಬೈಲಾ ರಚಿಸುವಾಗಲೇ ಕಿರಿಯ ಸದಸ್ಯರಿಗೆ ಸಮಿತಿಯಲ್ಲಿ ಸ್ಥಾನ ಕಲ್ಪಿಸುವುದು ಹಾಗೂ ಎಲ್ಲ ಜಾತಿ, ಮತ, ಭಾಷೆಗಳ ಯುವಕ ಯುವತಿಯರಿಗೆ ಸದಸ್ಯತ್ವವನ್ನು ಮುಕ್ತವಾಗಿರಿಸುವುದು ಸೂಕ್ತ.

ಹೆಗ್ಗೋಡಿನ ನಾಟಕ ಸಂಘವಾಗಲಿ, ಶಿವಮೊಗ್ಗದ ಕರ್ನಾಟಕ ಸಂಘವಾಗಲಿ ಉಳಿದು ಬಂದಿರುವುದು ಒಬ್ಬರು ಬಿಟ್ಟ ಕೆಲಸವನ್ನು ಮತ್ತೊಬ್ಬರು ಕೈಗೆತ್ತಿಕೊಂಡಿದ್ದರಿಂದ. ಶಿವಮೊಗ್ಗ ಹಾಗೂ ಭದ್ರಾವತಿಯ ಯುವಜನರು ಒಂದು ಕಲೆಯನ್ನು ಕಲಿತು, ಒಂದು ಸಂಘವನ್ನು ಹತ್ತು ವರ್ಷ ನಡೆಸಿ, ತಮಗಿಂತ ಕಿರಿಯರಿಗೆ ಒಪ್ಪಿಸಿದಲ್ಲಿ ಅದುವೇ ನಾಡಿನ ಪುನರುಜ್ಜೀವನಕ್ಕೆ ನೀಡುವ ನಿಜವಾದ ಕೊಡುಗೆಯಾಗುತ್ತದೆ.