ನೀರಿನ ಮಾತ್ರೆ: ಬಳಕೆ ಮತ್ತು ಎಚ್ಚರ

ಹೃದಯ, ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆಯಿಂದ ಮೈಯಲ್ಲಿ ನೀರು ತುಂಬಿಕೊಂಡಾಗ ವೈದ್ಯರು ಕೊಡುವ 'ನೀರಿನ ಮಾತ್ರೆ'ಗಳಲ್ಲಿ ಫ್ಯುರೊಸೆಮೈಡ್ ಮುಖ್ಯವಾದುದು. ಲ್ಯಾಸಿಕ್ಸ್ ಎಂಬ ಹೆಸರು ಹಲವರಿಗೆ ಪರಿಚಿತ. ಲಿಂಗಪೂಜೆಯ ನಡುವೆ ಏಳಬೇಕಾದೀತೆಂದೋ, ಜಾತ್ರೆಯ ದಾರಿಯಲ್ಲಿ ಶೌಚಾಲಯ ಸಿಗಲಾರದೆಂದೋ ಕೆಲವು ಹಿರಿಯ ಭಕ್ತರು ಇದನ್ನು ತಾವಾಗಿಯೇ ಬಿಡುವುದುಂಟು. ಹಾಗೆ ಬಿಟ್ಟು, ಕಾಲು ಬಾತು, ಮಲಗಿದೊಡನೆ ಉಸಿರು ಕಟ್ಟಿ ಆಸ್ಪತ್ರೆ ಸೇರಿದವರನ್ನು ನಾವು ಕಂಡಿದ್ದೇವೆ.

ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಉಪ್ಪಿನ ಅಂಶವು ರಕ್ತಕ್ಕೆ ಮರಳದಂತೆ ಈ ಔಷಧವು ತಡೆಯುತ್ತದೆ. ಉಪ್ಪಿನೊಂದಿಗೆ ನೀರೂ ಹೊರಹೋಗುತ್ತದೆ. ನುಂಗಿದ ಒಂದು ಗಂಟೆಯೊಳಗೆ ಆರಂಭವಾಗುವ ಪರಿಣಾಮ 6ರಿಂದ 8 ಗಂಟೆ ಇರುತ್ತದೆ. ಆದುದರಿಂದ ವೈದ್ಯರನ್ನು ಕೇಳಿ, ಪೂಜೆಯೋ ಪ್ರಯಾಣವೋ ಮುಗಿದ ಮೇಲೆ ಸೇವಿಸಬಹುದು. ಹೊತ್ತು ಬದಲಾಗಲಿ, ಮಾತ್ರೆ ತಪ್ಪದಿರಲಿ. ಸಂಜೆಯಾದ ಮೇಲೆ ಸೇವಿಸಿದರೆ ನಿದ್ದೆ ಕೆಡುತ್ತದೆ; ಕತ್ತಲಲ್ಲಿ ಎದ್ದು ಬೀಳುವ ಭಯವೂ ಇದೆ.

ನೀರಿನೊಡನೆ ಸೋಡಿಯಂ, ಪೊಟ್ಯಾಸಿಯಂಗಳೂ ನಷ್ಟವಾಗುತ್ತವೆ. ಎದ್ದು ನಿಂತಾಗ ತಲೆಸುತ್ತು, ಸ್ನಾಯು ಸೆಳೆತ, ಅತಿಯಾದ ನಿಶ್ಶಕ್ತಿ, ಎದೆಬಡಿತದ ಏರುಪೇರು ಇದರ ಸೂಚನೆಗಳು. ವೈದ್ಯರು ಹೇಳಿದಾಗ ರಕ್ತಪರೀಕ್ಷೆ ಮಾಡಿಸಲೇಬೇಕು. ಪೊಟ್ಯಾಸಿಯಂ ಕಡಿಮೆಯಾದೀತೆಂದು ದಿನವೂ ಎಳನೀರು ಕುಡಿಯಲು ತೊಡಗುವುದೂ ತರವಲ್ಲ. ಜೊತೆಯಲ್ಲಿ ಸ್ಪೈರೊನೊಲ್ಯಾಕ್ಟೋನ್ ಇದ್ದರೆ, ಅದು ಪೊಟ್ಯಾಸಿಯಂ ಅನ್ನು ಉಳಿಸಿಕೊಳ್ಳುವ ಮಾತ್ರೆಯಾದುದರಿಂದ, ಅಂಶ ಮಿತಿಮೀರಿ ಹೃದಯಕ್ಕೆ ಅಪಾಯವಾಗಬಹುದು. ಮೊಣಕಾಲು ನೋವಿಗೆ ಅಂಗಡಿಯಿಂದ ತಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಇದರ ಗುಣವನ್ನು ತಗ್ಗಿಸಿ ಮೂತ್ರಪಿಂಡವನ್ನು ಕೆಡಿಸಬಲ್ಲವು.

ಆಯುರ್ವೇದದಲ್ಲಿಯೂ ಮೂತ್ರಲ ದ್ರವ್ಯಗಳಿವೆ. ಚರಕಸಂಹಿತೆಯು ಮೂತ್ರವಿರೇಚನೀಯ ಗಣದಲ್ಲಿ ಗೋಕ್ಷುರವನ್ನು, ಎಂದರೆ ನೆಗ್ಗಿಲನ್ನು, ಹೇಳಿದೆ; ಬಾವಿಗೆ ಪುನರ್ನವವನ್ನು ನಾವು ಬಳಸುತ್ತೇವೆ. ಆದರೆ ಗಿಡಮೂಲಿಕೆಯೆಂದು ಮಾತ್ರೆಯ ಬದಲಿಗೆ ಕಷಾಯವನ್ನಿಡುವುದಾಗಲಿ, ಎರಡನ್ನೂ ಗುಟ್ಟಾಗಿ ಕೂಡಿಸುವುದಾಗಲಿ ಸಲ್ಲದು. ಎರಡೂ ಕಡೆಯ ವೈದ್ಯರಿಗೆ ಎರಡೂ ಔಷಧಗಳು ತಿಳಿದಿರಬೇಕು. ಕಾಲು ಬಾತವರೆಲ್ಲರಿಗೂ ಈ ಮಾತ್ರೆ ಬೇಕಿಲ್ಲ. ರಕ್ತದೊತ್ತಡದ ಅಮ್ಲೊಡಿಪಿನ್ ಮಾತ್ರೆಯಿಂದಲೂ ಕಾಲು ಬಾಯುವುದುಂಟು. ಆದುದರಿಂದ ನೆರೆಯವರ ಮಾತ್ರೆಯನ್ನು ಪಡೆದು ನುಂಗಬಾರದು.

ಪ್ರತಿದಿನ ಬೆಳಿಗ್ಗೆ ಮೂತ್ರವಿಸರ್ಜನೆಯ ನಂತರ, ಉಪಾಹಾರಕ್ಕೆ ಮೊದಲು ತೂಕ ನೋಡಿ ಬರೆದಿಡಿ. 3 ದಿನಗಳಲ್ಲಿ 2 ಕಿಲೋ ಏರಿದರೆ ನೀರು ತುಂಬುತ್ತಿದೆಯೆಂದು ತಿಳಿದು ವೈದ್ಯರನ್ನು ಕಾಣಿರಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ದೂರವಿಡಿ. ಇವನ್ನು ತಿನ್ನುತ್ತಿದ್ದರೆ ಮಾತ್ರೆಯ ಶ್ರಮ ವ್ಯರ್ಥ. ವಾಂತಿಭೇದಿಯಾದಾಗ, ನೀರೂ ಕುಡಿಯದ ಉಪವಾಸವನ್ನು ಸಂಕಲ್ಪಿಸುವ ಮುನ್ನ, ಆ ದಿನದ ಮಾತ್ರೆಯ ಬಗ್ಗೆ ವೈದ್ಯರನ್ನು ತಪ್ಪದೆ ಕೇಳಿರಿ. ಮಲಗಿದರೆ ಉಸಿರಾಟ ಕಷ್ಟವಾಗಿ ಎದ್ದು ಕುಳಿತುಕೊಳ್ಳಬೇಕಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ತೆರಳಿರಿ.